ಗಿಡಕ್ಕೆ ನೀರು ಹಾಕಿದವಳು ಕಂಪನಿಯ ಹೊಣೆಗಾರಳಾದ ಬಗೆ

ವಿದೇಶಿ ಕಂಪನಿಗಳ ನೋಂದಣಿ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ಅನುಮತಿಯಿಲ್ಲದೆ ನಡೆಯುತ್ತಿದ್ದ ಕಂಪನಿಯೊಂದನ್ನು ನಿಮಗೆ ತೋರಿಸಿಕೊಟ್ಟವಳು ನಾನು. ಅದನ್ನು ನಡೆಸಿದ ಅಪರಾಧವನ್ನು ನೀವು ನನ್ನ ಮೇಲೇ ಹೊರಿಸಿದ್ದೀರಿ. ಇಷ್ಟು ಚುರುಕಾದ ಕಚೇರಿಯ ಕೀರ್ತಿಯನ್ನು ಗುಟ್ಟಾಗಿಡುವುದು ತರವಲ್ಲವೆಂದು ನಾಲ್ಕು ಜನರೆದುರು ಬರೆಯುತ್ತಿದ್ದೇನೆ.

ಕಾರ್ಕ್ ನಗರದ ಲಿಟಲ್ ಐಲ್ಯಾಂಡ್ ಪ್ರದೇಶದಲ್ಲಿ ನಮ್ಮ ಕಂಪನಿಯ ಶಾಖೆಯಿತ್ತು. ಕೇಂದ್ರ ಕಚೇರಿ ಹೊರದೇಶದ್ದು. ಲಾಕ್‌ಡೌನ್ ಬಂದಾಗ ಎಲ್ಲರೂ ಮನೆಯಿಂದಲೇ ಕೆಲಸಕ್ಕೆ ಕೂತರು. ಮನೆ ಹತ್ತಿರವಿದ್ದ ತಪ್ಪಿಗೆ ಬೀಗದ ಕೈ ನನಗೆ ಬಂತು: ಅಂಚೆ ತೆಗೆಯುವುದು, ಕುಂಡದ ಗಿಡಗಳಿಗೆ ನೀರು ಹಾಕುವುದು. ಅಷ್ಟರಲ್ಲಿ ಸಹೋದ್ಯೋಗಿ ರೋಹನ್‌ಗೆ ಕೋವಿಡ್ ತಗುಲಿತು. ಸರ್ಕಾರ ಕೊಡುವ ಕಾಯಿಲೆ ಭತ್ಯೆಗೆ ಕಂಪನಿಯ ದೃಢೀಕರಣ ಬೇಕಿತ್ತು. ಮೇಲಿನವರು ಫೋನ್ ಎತ್ತಲಿಲ್ಲ. ಕಂಪನಿಯ ಪರವಾಗಿ ಸಹಿ ಹಾಕಬೇಕಾದವರು ಯಾರೆಂದು ನಿಮ್ಮ ಕಚೇರಿಗೆ ಫೋನ್ ಮಾಡಿ ವಿಚಾರಿಸಿದೆ.

"ಆ ಹೆಸರಿನ ಕಂಪನಿ ಈ ದೇಶದಲ್ಲಿ ನೋಂದಣಿಯೇ ಆಗಿಲ್ಲ" ಎಂದರು ನಿಮ್ಮ ಸಿಬ್ಬಂದಿ.

"ನಾನು ಅದರ ಬಾಗಿಲಲ್ಲೇ ನಿಂತು ಮಾತಾಡ್ತಿದ್ದೀನಿ!"

"ಹಾಗಿದ್ರೆ ಅದು ಅಪರಾಧ. ವಿಳಾಸ ಕೊಡಿ."

ಕೊಟ್ಟೆ. ನೋಟಿಸ್ ಬಂತು. ಸೋಂಕಿನ ಭಯಕ್ಕೆ ಅಂಚೆಯವನು ಸಹಿ ಹಾಕಿಸದೆ, ದೂರ ನಿಂತೇ ನೋಟಿಸ್ ಪಡೆದವರೆಂದು ನನ್ನ ಹೆಸರು ಕೇಳಿ ಬರೆದುಕೊಂಡ. ನಿಮ್ಮ ಮುಂದಿನ ನೋಟಿಸಿನಲ್ಲಿ ನಾನೇ 'ಕಂಪನಿಯ ಹೊಣೆಗಾರ ವ್ಯಕ್ತಿ', ನ್ಯಾಯಾಲಯಕ್ಕೆ ಬರಬೇಕಂತೆ!

ಪೌರತ್ವಕ್ಕೆ ಅರ್ಜಿ ಹಾಕಿ ಕಾಯುತ್ತಿರುವವಳ ಮೇಲೆ ಮೊಕದ್ದಮೆ. ಅರ್ಜಿ ಅಲ್ಲಿಗೇ ಮುಗಿಯಿತೆಂದುಕೊಂಡೆ. ನನ್ನ ಗಂಡ ಆರಿಫ್ ಮಾತ್ರ "ಅಂತೂ ಪ್ರಮೋಷನ್ ಸಿಕ್ತಲ್ಲ ಬಿಡು" ಎಂದರು. ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು "ವಿಲ್ ಯು ಬಿ ಗ್ರ್ಯಾಂಡ್, ಮ್ಯಾಮ್?" ಎಂದು, ಅಂದರೆ ನಿನಗೇನೂ ಆಗಲ್ಲ ತಾನೇ ಅಮ್ಮಾ ಎಂದು, ತಬ್ಬಿಕೊಂಡಳು.

ಹೊಣೆಗಾರಳೆಂದು ಸರ್ಕಾರವೇ ಹೇಳಿದ ಮೇಲೆ ಹೊಣೆ ಹೊರಬೇಡವೇ? ರೋಹನ್‌ನ ದೃಢೀಕರಣಕ್ಕೆ ನಾನೇ ಸಹಿ ಹಾಕಿ, ನಿಮ್ಮ ನೋಟಿಸನ್ನೂ ಲಗತ್ತಿಸಿ ಕಳಿಸಿದೆ. ಭತ್ಯೆ ಮಂಜೂರಾಯಿತು! ಹುಷಾರಾದ ರೋಹನ್ ಫೋನ್ ಮಾಡಿ, "ಮೇಡಂ, ನನ್ನ ರಜೆನೂ ನೀವೇ ಕೊಟ್ಬಿಡಿ" ಎಂದ. ಧಾರಾಳವಾಗಿ ಕೊಟ್ಟೆ.

ಮಾನ್ಯರೇ, ಶಿಕ್ಷೆ ಇರುವುದು ಕಂಪನಿ ನಡೆಸುವವರಿಗೋ, ಅದರ ಬಾಗಿಲು ತೆಗೆಯುವವರಿಗೋ? ನೋಂದಣಿಯಿಲ್ಲದೆ ಲಾಭ ಎಣಿಸಿದವರು ಹೊರದೇಶದಲ್ಲಿ ಹಾಯಾಗಿದ್ದಾರೆ. ನನ್ನ ಮೇಲಿನ ಮೊಕದ್ದಮೆ ಹಿಂತೆಗೆದು ಆ ನಿರ್ದೇಶಕರನ್ನು ನ್ಯಾಯಾಲಯಕ್ಕೆ ಕರೆಸಿ. ವಿಮಾನಗಳು ಹಾರುತ್ತಿಲ್ಲ, ಅವರು ಕೈಗೆ ಸಿಗುತ್ತಿಲ್ಲ ಎಂಬ ನೆಪ ಬೇಡ. ನನ್ನನ್ನು ಕೆಲಸದಿಂದ ತೆಗೆಯಲು ನಿನ್ನೆ ತಾನೇ ಎಲ್ಲರೂ ವಿಡಿಯೋ ಕರೆಗೆ ಬಂದಿದ್ದರು, ಅದೂ ಸಮಯಕ್ಕೆ ಸರಿಯಾಗಿ.

ಇಂತಿ,
ಕೆಲಸ ಹೋದರೂ ಹೊಣೆ ಹೋಗದ
ಕುಲ್ಸುಮ್
ಲಿಟಲ್ ಐಲ್ಯಾಂಡ್, ಕಾರ್ಕ್