ಮರಣೋತ್ತರದ ಬಾಣ, ಕಣ್ಣಿನ ನೆತ್ತಿಯ ಮೇಲೆ

ಆಸ್ಪತ್ರೆಯ ಫಲಕಗಳಿಗೆ ಒಪ್ಪಿಗೆಯ ಸಹಿ ಹಾಕುವ ಮಾನ್ಯರೇ,

ಕಣ್ಣಿನ ಪರೀಕ್ಷೆಗೆ ಬಂದ ನನ್ನ ಅಕ್ಕನನ್ನು ತಮ್ಮ ಫಲಕ ಹೆಣ ಕೊಯ್ಯುವ ಕೋಣೆಗೆ ಕಳುಹಿಸಿತು. ಆಕೆ ನಡೆದುಕೊಂಡೇ ಹೋದಳು, ನಡೆದುಕೊಂಡೇ ವಾಪಸ್ ಬಂದಳು. ಆ ಕೋಣೆಗೆ ಇಂಥ ಭಾಗ್ಯ ಹಿಂದೆಂದೂ ಒದಗಿರಲಿಕ್ಕಿಲ್ಲ. ಅದಕ್ಕಾಗಿ ಮೊದಲು ತಮಗೆ ಅಭಿನಂದನೆ.

ಬಾಗಿಲಲ್ಲಿ ಕೂತಿದ್ದ ಸಿಬ್ಬಂದಿ, "ಏನಮ್ಮಾ ಬೇಕಿತ್ತು?" ಅಂದನಂತೆ.

"ಪರೀಕ್ಷೆಗೆ ಬಂದಿದೀನಪ್ಪಾ."

"ಯಾರದ್ದು?"

"ಇನ್ಯಾರದ್ದು, ನಂದೇ!"

ಆತ ಕುರ್ಚಿ ಬಿಟ್ಟು ಎದ್ದೇ ನಿಂತನಂತೆ. ದಾರಿ ಕೇಳಿಕೊಂಡು ಅಕ್ಕ ಕಟ್ಟಡದ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಕಣ್ಣಿನ ಡಾಕ್ಟರು ಹೊರಟುಹೋಗಿದ್ದರು. ಮುಂದಿನ ಮಂಗಳವಾರ ಬನ್ನಿ ಎಂದು ಚೀಟಿ ಕೊಟ್ಟು ಕಳುಹಿಸಿದರು.

ನಾನು ಮೂವತ್ತೆರಡು ವರ್ಷ ಅಂಗಡಿಗಳಿಗೆ ಬೋರ್ಡ್ ಬರೆದವನು. ಮರುದಿನ ಬಂದು ತಮ್ಮ ಫಲಕದ ಕೆಳಗೆ ಅರ್ಧ ಗಂಟೆ ನಿಂತೆ. ಮೊದಲ ಸಾಲು 'ಮರಣೋತ್ತರ ಪರೀಕ್ಷೆ', ಅದರ ಅಡಿಗೆ ಬಲಕ್ಕೆ ತಿರುಗಿದ ಬಾಣ. ಆಮೇಲೆ 'ಕಣ್ಣಿನ ಪರೀಕ್ಷೆ', ಅದರ ಅಡಿಗೆ ಎಡಕ್ಕೆ ತಿರುಗಿದ ಬಾಣ. ಲೆಕ್ಕ ಸರಿಯಾಗಿಯೇ ಇದೆ. ಆದರೆ ನಮ್ಮ ಅಕ್ಷರಗಳಿಗೆ ಒತ್ತು ಎಂಬುದೊಂದು ಇದೆಯಲ್ಲ, ಸ್ವಾಮಿ? ಅದಕ್ಕೆ ಕಾಲು ಚಾಚಲು ಜಾಗ ಬೇಕು. 'ತ್ತ', 'ಕ್ಷೆ' ಎರಡೂ ಕಾಲು ಇಳಿಬಿಟ್ಟ ರಭಸಕ್ಕೆ ಮೇಲಿನ ಬಾಣ ಕೆಳಗೆ ಜರುಗಿ, 'ಕಣ್ಣಿನ' ನೆತ್ತಿಯ ಮೇಲೆ ಕೂತಿದೆ; ಅದರ ಸ್ವಂತ ಬಾಣ ಅದೇ ರಭಸಕ್ಕೆ ಹಲಗೆಯ ಕೆಳ ಅಂಚಿಗೆ ಸರಿದಿದೆ. ನೋಡುವವರ ಕಣ್ಣೋ, ಹತ್ತಿರ ಹತ್ತಿರ ಇರುವುದನ್ನೆಲ್ಲ ಒಂದೇ ಮನೆಯದು ಅಂದುಕೊಳ್ಳುತ್ತದೆ. ಒಂದೇ ಬೆಂಚಿನಲ್ಲಿ ಅಂಟಿಕೊಂಡು ಕೂತವರನ್ನು ಗಂಡಹೆಂಡತಿ ಎಂದು ನಾವು ತೀರ್ಮಾನಿಸಿಬಿಡುವುದಿಲ್ಲವೇ? ಸಾಲದ್ದಕ್ಕೆ ಬಿಳಿ ಹಲಗೆಯ ಮೇಲೆ ತಿಳಿಹಳದಿ ಅಕ್ಷರ. ಹಿನ್ನೆಲೆ ಬಿಟ್ಟು ಮುಂದೆ ಬರಲು ಅವಕ್ಕೂ ನಾಚಿಕೆ. ಕಡುನೀಲಿಯ ಬಾಣ ಮಾತ್ರ ದೂರದಿಂದಲೇ ಕೈಹಿಡಿದು ಎಳೆಯುತ್ತದೆ, ತಪ್ಪು ದಿಕ್ಕಿಗೆ.

ಈ ಬಗ್ಗೆ ಬರೆದುಕೊಟ್ಟರೆ ತಮ್ಮ ಕಚೇರಿ ಉತ್ತರಿಸಿತು: "ಫಲಕವು ಅನುಮೋದಿತ ಮಾದರಿಯಂತೆಯೇ ಇದ್ದು, ಸಾರ್ವಜನಿಕರು ಗಮನವಿಟ್ಟು ಓದತಕ್ಕದ್ದು." ಆ ಮಾದರಿಯನ್ನು ತಾವು ಅನುಮೋದಿಸಿದ್ದು ಎಲ್ಲಿ? ಮೇಜಿನ ಮೇಲೆ, ಕನ್ನಡಕ ಹಾಕಿಕೊಂಡು, ಗೇಣು ದೂರದಲ್ಲಿ ಅಲ್ಲವೇ? ಒಮ್ಮೆ ಕನ್ನಡಕ ತೆಗೆದು, ಕೈಯಲ್ಲಿ ಚೀಟಿ ಹಿಡಿದು, ಬಾಗಿಲ ಬಳಿಯಿಂದ ತಲೆಯೆತ್ತಿ ನೋಡಿ. ತಾವು ಬಲಕ್ಕೆ ತಿರುಗಿದರೆ ನಾನು ಯಾರಿಗೂ ಹೇಳುವುದಿಲ್ಲ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಅಕ್ಕ ದರ್ಜಿ. ಅಂದಿನಿಂದ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ ಕೂತಿದ್ದಾಳೆ. "ಅಷ್ಟು ದೊಡ್ಡ ಬೋರ್ಡೇ ಓದಕ್ಕಾಗ್ಲಿಲ್ಲ ಅಂದ್ಮೇಲೆ ನನ್ನ ಕಣ್ಣು ಹೋಯ್ತು ಕಣೋ. ಇನ್ನು ಡಾಕ್ಟ್ರು ನೋಡಿ ಏನು ಮಾಡ್ತಾರೆ? ನಾನು ಬರಲ್ಲ," ಅನ್ನುತ್ತಾಳೆ. ಆಕೆಯನ್ನು ಇಲ್ಲಿಗೆ ಕಳುಹಿಸಿದ ನಮ್ಮ ಬೀದಿಯ ಡಾಕ್ಟರು ಮೊದಲೇ ಹೇಳಿದ್ದರು: ತಡಮಾಡದೆ ತೋರಿಸಿದರೆ ದೃಷ್ಟಿ ಉಳಿಯುತ್ತದೆ ಎಂದು. ನನಗೆ ನಿಜಕ್ಕೂ ಭಯವಾಗಿದೆ.

ಬೋರ್ಡ್ ತಪ್ಪು, ನೀನು ನೋಡಿದ್ದು ಸರಿ ಎಂದು ಬಾಯಿ ನೋಯುವಷ್ಟು ಹೇಳಿದೆ. "ನಂಗೆ ಸಮಾಧಾನ ಮಾಡಕ್ಕೆ ಹೇಳ್ತೀಯ," ಎಂದು ಮುಖ ತಿರುಗಿಸಿದಳು. ಆಕೆ ನನ್ನ ಮಾತು ನಂಬುವುದಿಲ್ಲ. ಸಹಿ ಮೊಹರು ಇರುವ ಸರಕಾರಿ ಕಾಗದವನ್ನು ನಂಬುತ್ತಾಳೆ.

ಆದ್ದರಿಂದ ಬಾಣವನ್ನು ನಾಲ್ಕು ಬೆರಳು ಮೇಲೆತ್ತಿಸಿ. ಏಣಿ ನನ್ನದು, ಕುಂಚ ನನ್ನದು, ಅಪ್ಪಣೆಯಷ್ಟೇ ತಮ್ಮದು. ಅದು ನಿಧಾನವಾದರೂ ಆಗಲಿ. ಆದರೆ ಮಂಗಳವಾರದೊಳಗೆ ಅಕ್ಕನಿಗೆ ಒಂದು ಸಾಲು ಬರೆದು ಕಳುಹಿಸಿ: "ಅಮ್ಮಾ, ತಮ್ಮ ಕಣ್ಣು ಸರಿಯಾಗಿಯೇ ಓದಿದೆ. ತಪ್ಪಿದ್ದು ನಾವು." ದಯವಿಟ್ಟು ಅಕ್ಷರ ದೊಡ್ಡದಿರಲಿ, ಮಸಿ ಕಪ್ಪಗಿರಲಿ. ಅದನ್ನು ಆಕೆಯೇ ಓದಬೇಕು.

ಇಂತಿ,
ಊರಿಗೆಲ್ಲ ಬೋರ್ಡ್ ಬರೆದೂ ಮನೆಯಲ್ಲಿ ಮಾತು ನಡೆಯದ,
ಆಕೆಯ ತಮ್ಮ