ಗಾಡಿ ಖಾಲಿ

ಮಾರ್ಚ್ 3, ಸಂಜೆ

ಆಯಿಲ್ ಬದಲಾಯಿಸಿದ್ದಾಯಿತು. ಗಾಡಿ ತೊಳೆದದ್ದೂ ಆಯಿತು. ಜೈಲಿನ ತುಂಬ ಸುಣ್ಣದ ವಾಸನೆ. ಅಡುಗೆಮನೆಗೆ ಹೊಸ ಪಾತ್ರೆ, ಆಸ್ಪತ್ರೆ ವಾರ್ಡಿನ ಮಂಚಗಳಿಗೆ ಬಿಳಿ ಬಟ್ಟೆ... ಸದನ ಸಮಿತಿ ಬರುತ್ತದೆಂದರೆ ಕೈದಿಗಳಿಗೂ ಒಂದು ದಿನ ಮನುಷ್ಯರಾಗುವ ಯೋಗ.

ಜೈಲರ್ ಸಾಹೇಬರು ಕರೆದರು.

"ನಾಳೆ ಬೆಳಿಗ್ಗೆನೇ ಗಾಡಿ ತೆಗಿ. ಹೋದ ಸಲದ ಹಾಗೇ. ನಾನು ಫೋನ್ ಮಾಡೋ ತನಕ ವಾಪಸ್ ಬರ್ಬೇಡ."

"ಎಲ್ಲಿಗೆ ಸಾರ್?"

"ಎಲ್ಲಿಗೂ ಇಲ್ಲ. ಸುತ್ತು."

ಅಂದರೆ ಮತ್ತೆ ಆ ಸಿಪಾಯಿಯನ್ನು ಬಚ್ಚಿಡುವ ಕೆಲಸ. ಯಾರಿಗೂ ಹೇಳಬಾರದು ಎಂದಿದ್ದಾರೆ. ಬರೆಯಬಾರದು ಎಂದಿಲ್ಲ. ಇಲ್ಲೇ ಕಾರಿಕೊಳ್ಳುತ್ತೇನೆ.

ಮಾರ್ಚ್ 4

ಇಡೀ ದಿನ ಊರು ಸುತ್ತಿದೆ. ಹಿಂದೆ ತಗಡಿನ ಪೆಟ್ಟಿಗೆಯಲ್ಲಿ ಸಿಪಾಯಿ, ಅವನ ಕೈಕೋಳದ ಸರಪಳಿ ಹಿಡಿದು ವಾರ್ಡರ್ ಮೀಸೆ. ನನ್ನ ಬೆನ್ನ ಹಿಂದೆ ಅಂಗೈಯಗಲದ ಜಾಲರಿ. ಒಳಗಿರುವವರಿಗೆ ಗಾಳಿ, ಬೆಳಕು, ಮಾತು ಎಲ್ಲ ಅದರಲ್ಲೇ.

ಸಿಪಾಯಿಗೆ ಇನ್ನೂ ಮೂವತ್ತು ದಾಟಿಲ್ಲ. ಸೈನ್ಯದ ಮದ್ದುಗುಂಡಿನ ಉಗ್ರಾಣಕ್ಕೆ ಬೆಂಕಿ ಬಿದ್ದಾಗ ಅಲ್ಲಿ ಕಾವಲಿದ್ದವನು. ಸತ್ತವರು ನಾಲ್ವರು ಎಂದು ಸರ್ಕಾರ ಸದನದಲ್ಲಿ ಹೇಳಿತು. "ನಾನೊಬ್ನೇ ಅದಕ್ಕಿಂತ ಹೆಚ್ಚು ಹೆಣ ಹೊತ್ತಿದೀನಿ" ಎಂದು ಇವನು ಹೊರಗೆ ಹೇಳಿದ. ಎತ್ತಿಕೊಂಡು ಬಂದರು. ಕೇಸಿಲ್ಲ, ಕೋರ್ಟಿಲ್ಲ, ಮನೆಯವರಿಗೆ ಸುದ್ದಿಯಿಲ್ಲ. ಹೊಗೆ ಕುಡಿದ ಎದೆ ಬೇರೆ. ಕೆಮ್ಮಲು ಶುರುಮಾಡಿದರೆ ನಿಲ್ಲುವುದೇ ಇಲ್ಲ.

ಒಬ್ಬ ಶಾಸಕಿ ಮಾತ್ರ ಬೆನ್ನು ಬಿಡದೆ ಕೇಳುತ್ತಿದ್ದಾರೆ — ಆ ಸಿಪಾಯಿ ಎಲ್ಲಿ? ಸಮಿತಿ ಬರುವುದೇ ಅದಕ್ಕೆ. ಅವರ ಕಣ್ಣಿಗೆ ಒಮ್ಮೆ ಬಿದ್ದರೆ ಸಾಕು, ಕೋರ್ಟಿಗೆ ಹಾಜರು ಮಾಡಲೇಬೇಕು. ಹಾಗಾಗಿ ಈ ಮೆರವಣಿಗೆ.

"ಅಣ್ಣಾ, ಈಗ ಯಾವ ರಸ್ತೆ?"

"ಪುಸ್ತಕದಂಗಡಿ ರಸ್ತೆ ತಮ್ಮಾ. ಒಬ್ಬಮ್ಮ ಮಗೂನ ದರದರ ಎಳ್ಕೊಂಡು ಹೋಗ್ತಿದಾಳೆ. ಬಲೂನು ಬೇಕಂತೆ ಅದಕ್ಕೆ."

"ಕೊಡಿಸಿದ್ಲಾ?"

"ಇಲ್ಲ."

"ಕೊಡಿಸ್ಬೋದಿತ್ತು..."

"ಸಾಕು ನಿಮ್ಮ ರೇಡಿಯೋ," ಎಂದು ಮೀಸೆ ಗದರಿದ.

ಸದನದ ಮುಂದೆಯೂ ಒಂದು ಸುತ್ತು ಹೋದೆವು. ಇದು ಸದನ ಎಂದು ನಾನು ಹೇಳಿದ್ದೇ ತಡ, ಸಿಪಾಯಿ ನಕ್ಕ. "ಹಾರ್ನ್ ಹೊಡೀರಿ ಅಣ್ಣಾ. ಹಾಜರಿದೀನಿ ಅಂತ ಗೊತ್ತಾಗ್ಲಿ." ಹೊಡೆಯಲಿಲ್ಲ. ಬಿಸಿಲಿಗೆ ತಗಡು ಮುಟ್ಟಿದರೆ ಕೈ ಸುಡುತ್ತಿತ್ತು.

ಮಾರ್ಚ್ 9

ಚಹಾದಂಗಡಿಯ ರೇಡಿಯೋದಲ್ಲಿ ಮಂತ್ರಿಗಳ ಉತ್ತರ. ರಕ್ಷಣೆ, ಬಂದೀಖಾನೆ ಎರಡೂ ಇವರದೇ. ಒಂದು ತಲೆಗೆ ಎರಡು ಟೋಪಿ, ಉಳಿದ ಟೋಪಿಗಳನ್ನು ನಮಗೆ ಹಾಕುತ್ತಾರೆ.

"ಸಮಿತಿ ಖುದ್ದಾಗಿ ನೋಡಿದೆ. ಅಂತಹ ಯಾವ ಸಿಪಾಯಿಯೂ ಬಂದೀಖಾನೆಯಲ್ಲಿ ಕಂಡುಬಂದಿಲ್ಲ." ಮೇಜು ಕುಟ್ಟಿದ ಸದ್ದು.

ಹೌದು, ಕಂಡುಬಂದಿಲ್ಲ. ಆ ಹೊತ್ತಿಗೆ ನನ್ನ ಬೆನ್ನ ಹಿಂದೆ ಬಲೂನಿನ ಮಾತಾಡುತ್ತಿದ್ದ. ನಮ್ಮವರು ಸುಳ್ಳು ಹೇಳುವವರಲ್ಲ, ನಿಜವನ್ನು ಗಾಡಿಗೆ ತುಂಬಿ ಊರು ಸುತ್ತಿಸುವವರು. ಸ್ಟೇರಿಂಗ್ ಹಿಡಿದವನು ನಾನು.

ಮಾರ್ಚ್ 21

ಊಟಕ್ಕೆ ಕೂತವನು ಕೂತೇ ಇದ್ದೆ. ಹೆಂಡತಿಗೆ ಸಿಟ್ಟು ಬಂತು.

"ಯಾರಿಗಾದ್ರೂ ಹೇಳ್ಬಿಡಿ, ಇಲ್ಲಾ ಮರ್ತುಬಿಡಿ. ಎರಡೂ ಮಾಡ್ದೆ ಹೀಗೆ ಅನ್ನ ಕಲಸ್ತಾ ಕೂತ್ರೆ ನಾನೇನು ಮಾಡ್ಲಿ?"

ಹೇಳಿದೆ. ಅಡುಗೆಮನೆ ಬಾಗಿಲು ಹಾಕಿಕೊಂಡು, ಎಲ್ಲ.

"ಅವನಿಗೆ ತಾಯಿ ಇದಾಳಾ?"

"ಇದಾಳಂತೆ. ಠಾಣೆ ಠಾಣೆ ಅಲೀತಿದಾಳಂತೆ."

"ಹಾಗಾದ್ರೆ ಅವಳನ್ನೂ ಸುತ್ತಿಸ್ತಿದೀರಿ ಕಣ್ರೀ ನೀವು."

ಇವಳ ಬಾಯಿಗೆ ಹೆದರಿಕೊಂಡೇ ಇಷ್ಟು ದಿನ ಹೇಳಿರಲಿಲ್ಲ.

ಮಾರ್ಚ್ 26

ನಾಳೆ ಸಮಿತಿ ಮತ್ತೆ ಬರುತ್ತದೆ. ಶಾಸಕಿ ಪಟ್ಟು ಹಿಡಿದು ಮಾಡಿಸಿದ ದಿಢೀರ್ ಭೇಟಿಯಂತೆ. ದಿಢೀರ್ ಎನ್ನುವ ಸುದ್ದಿ ಒಂದು ದಿನ ಮೊದಲೇ ಜೈಲರ್ ಮೇಜಿನ ಮೇಲೆ! ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಸಿಪಾಯಿಯನ್ನು ಇಟ್ಟಿರುವುದು ಗಾಡಿ ಶೆಡ್ಡಿನ ಹಿಂದಿನ ಕೋಣೆಯಲ್ಲಿ. ಟೈರು ನೋಡುವ ನೆಪದಲ್ಲಿ ಗವಾಕ್ಷಿಯ ಕೆಳಗೆ ಕುಕ್ಕುರುಗಾಲಲ್ಲಿ ಕೂತೆ.

"ತಮ್ಮಾ, ನಾಳೆ ಗಾಡಿ ಗೇಟಲ್ಲೇ ಕೆಡುತ್ತೆ."

"ಕೆಡೋ ಗಾಡಿ ಅಲ್ವಲ್ಲ ಅಣ್ಣಾ ನಿಮ್ಮದು."

"ಕೆಡಿಸಿದ್ರೆ ಕೆಡುತ್ತೆ. ಸಮಿತಿ ಬರೋ ತನಕ ಸ್ಟಾರ್ಟ್ ಆಗಲ್ಲ. ನೀನು ಕೂಗ್ಬೇಡ, ಕೆಮ್ಮಲೂ ಬೇಡ. ಮೀಸೆ ಬಾಯಿ ಮುಚ್ಚಿ ಒತ್ತಿಹಿಡೀತಾನೆ, ನಿನಗೆ ಉಸಿರು ಮೊದಲೇ ಸಾಲದು. ನಾನೇ ಹೇಳ್ತೀನಿ."

"ಹೇಳ್ತೀರಾ?"

"ಮಾತು ಅಂದ್ರೆ ಮಾತು."

ಮಾರ್ಚ್ 27, ಬೆಳಿಗ್ಗೆ

ಬ್ಯಾಟರಿಯ ಒಂದು ವೈರು ಸಡಿಲ ಮಾಡಿದರಾಯಿತು. ಅಷ್ಟೇ ಕೆಲಸ. ಇವಳು ಎರಡು ಸಲ ಚಹಾ ಕೊಟ್ಟಳು.

ಅದೇ ದಿನ, ಸಂಜೆ

ಬರೆಯಲೇಬೇಕು.

ಗಾಡಿ ಗೇಟಿನಲ್ಲಿ ನಿಂತಿತು. ಬಾನೆಟ್ ಎತ್ತಿ ತಲೆ ಒಳಗೆ ಹಾಕಿದೆ. ಜೈಲರ್ ಸಾಹೇಬರು ಹಲ್ಲು ಕಡಿಯುತ್ತಿರುವಾಗಲೇ ಸಮಿತಿಯ ಕಾರುಗಳು ಬಂದವು. ಎಲ್ಲ ಅಂದುಕೊಂಡ ಹಾಗೆಯೇ. ಶಾಸಕಿ ಕಾರಿನಿಂದ ಇಳಿದವರು ಆಫೀಸಿಗೆ ಹೋಗಲಿಲ್ಲ. ನೆಟ್ಟಗೆ ನನ್ನ ಹತ್ತಿರ ಬಂದರು. ಗಿಡ್ಡ ಹೆಂಗಸು, ಕೈಯಲ್ಲಿ ನೀರಿನ ಬಾಟಲಿ.

"ಏನಾಯ್ತು ಗಾಡಿಗೆ?"

"ಸ್ಟಾರ್ಟ್ ಆಗ್ತಿಲ್ಲ ಮೇಡಂ."

"ಒಳಗೆ ಯಾರಿದಾರೆ?"

ಒಂದು ಮಾತು. ಸಿಪಾಯಿ ಇದ್ದಾನೆ ಎನ್ನಬೇಕಿತ್ತು. ಜೈಲರ್ ನನ್ನನ್ನು ಹೆದರಿಸಲಿಲ್ಲ, ಕಣ್ಣು ಸಹ ಕೆಂಪು ಮಾಡಲಿಲ್ಲ. ಸುಮ್ಮನೆ ನಿಂತಿದ್ದರು. ಇಷ್ಟು ವರ್ಷ ಅವರ ಮುಂದೆ ಆಡಿ ಆಡಿ ಅಭ್ಯಾಸವಾದ ನಾಲಿಗೆ ತಾನೇ ಆಡಿಬಿಟ್ಟಿತು.

"ಖಾಲಿ, ಮೇಡಂ."

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಸಮಿತಿಯ ಉಳಿದವರು ಆಫೀಸಿನ ಬಾಗಿಲಿನಿಂದ ಕರೆದರು. ಹೋದರು. ಒಳಗಿನಿಂದ ಒಂದು ಕೆಮ್ಮೂ ಬರಲಿಲ್ಲ. ಕೊಟ್ಟ ಮಾತಿನಂತೆ ನಡೆದುಕೊಂಡವನು ಅವನು.

ವೈರು ಸರಿಮಾಡಿ ಹೊರಟೆ. ದಾರಿಯಲ್ಲಿ ಮೀಸೆ ಹಿಂದಿನ ಬಾಗಿಲಿಗೆ ಬೀಗ ಜಡಿದು ಚಹಾ ಕುಡಿಯಲು ಇಳಿದ. ಜಾಲರಿಯಿಂದ ದನಿ. ಬಾನೆಟ್ಟಿನ ಹತ್ತಿರ ಆಡಿದ್ದು ಹಿಂದಿನ ಪೆಟ್ಟಿಗೆಗೆ ಕೇಳಿರಲಿಲ್ಲ.

"ಅಣ್ಣಾ, ಹೇಳಿದ್ರಾ?"

"ಹೇಳಿದೆ ತಮ್ಮಾ."

"ಏನಂದ್ರು?"

"ವಿಚಾರಿಸ್ತೀವಿ ಅಂದ್ರು."

"ದೊಡ್ಡ ಉಪಕಾರ ಅಣ್ಣಾ," ಎಂದ. ಆಮೇಲೆ, ತಡೆದಿಟ್ಟ ಕೆಮ್ಮನ್ನೆಲ್ಲ ಕೆಮ್ಮಿದ.

ಮಂತ್ರಿಯನ್ನು ಆಡಿಕೊಂಡು ನಕ್ಕಿದ್ದೆನಲ್ಲ. ಥೂ ನನ್ನ ಜನ್ಮಕ್ಕೆ.

ಏಪ್ರಿಲ್ 5

ಶೆಡ್ಡಿನ ಹಿಂದಿನ ಕೋಣೆಗೂ ಸುಣ್ಣ ಬಳಿದಿದ್ದಾರೆ. ಬಾಗಿಲು ತೆರೆದೇ ಇದೆ. ಮೂರು ದಿನ ರಜೆ ಕೊಟ್ಟು ನನ್ನನ್ನು ಮನೆಗೆ ಕಳಿಸಿದ್ದು ಇದಕ್ಕೇ ಇರಬೇಕು. ಸೈನ್ಯದ ಗಾಡಿ ಬಂದಿತ್ತು ಎಂದು ಗೇಟಿನವನು ಪಿಸುಗುಟ್ಟಿದ. ಸಿಪಾಯಿಯನ್ನು ನಡೆಸಿಕೊಂಡು ಹೋದರೋ, ಹೊತ್ತುಕೊಂಡು ಹೋದರೋ... ಅದು ಅವನಿಗೆ ಕಾಣಲಿಲ್ಲವಂತೆ.

ಜೈಲರ್ ಸಾಹೇಬರನ್ನು ಕೇಳಿಯೇಬಿಟ್ಟೆ. "ಸಾರ್, ಈ ಕೋಣೆಯವನು?"

"ಈ ಕೋಣೇಲಿ ಯಾರಿದ್ರಯ್ಯಾ?" ಎಂದು ನನ್ನ ಬೆನ್ನು ತಟ್ಟಿದರು.

ಮಧ್ಯಾಹ್ನ ರೇಡಿಯೋ. ಗೇಟಿನಲ್ಲಿ ನಿಂತಿದ್ದ ಗಾಡಿಯ ಬಗ್ಗೆ ಶಾಸಕಿ ಕೇಳಿದರು. ಮಂತ್ರಿಗಳು ಎದ್ದು ನಿಂತು, "ಗಾಡಿ ಖಾಲಿ ಇತ್ತೆಂದು ಅದರ ಚಾಲಕನೇ ಮಾನ್ಯ ಸದಸ್ಯರಿಗೆ ತಿಳಿಸಿದ್ದಾನೆ. ಇನ್ನೇನು ಸಾಕ್ಷಿ ಬೇಕು?" ಎಂದರು. ನಗು.

ಅವನನ್ನು ಕೊಂದರೆ ನನ್ನ ಮಾತಿನಿಂದಲೇ ಕೊಲ್ಲುತ್ತಾರೆ. ಸತ್ತಿರದಿದ್ದರೆ...

ಏಪ್ರಿಲ್ 6

ಶಾಸಕಿಯ ಮನೆಗೆ ಹೋದೆ. ಹಿಂದಿನ ಬಾಗಿಲು ತಟ್ಟಿದೆ. ಗುರುತು ಹಿಡಿದರು. ಕೂರು ಎನ್ನಲಿಲ್ಲ.

"ಆವತ್ತು ಖಾಲಿ ಅಂದ್ರಿ."

"ಖಾಲಿ ಇರ್ಲಿಲ್ಲ ಮೇಡಂ."

ಎಲ್ಲ ಹೇಳಿದೆ. ಅಳು ಬಂತು, ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಅದೇ ಒಳ್ಳೆಯದಾಯಿತು.

"ಇದನ್ನ ನಾನು ಹೇಳಿದ್ರೆ ಗಾಳಿಮಾತು ಅಂತಾರೆ. ನೀವು ಸಮಿತಿ ಮುಂದೆ ಬಂದು ಹೇಳಿದ್ರೆ ಸಾಕ್ಷಿ. ನಾಡಿದ್ದು ಹನ್ನೊಂದಕ್ಕೆ ಸಭೆ. ಹೇಳಿಕೆ ಬಂದ್ರೆ ಅವನನ್ನ ಹಾಜರು ಮಾಡಿ ಅಂತ ಆವತ್ತೇ ಆಜ್ಞೆ ಕೊಡಿಸ್ತೀನಿ. ಬದುಕಿದ್ರೆ ಇನ್ನೂ ಸಿಗಬಹುದು. ಬರ್ತೀರಾ?"

"ಬರ್ತೀನಿ."

"ನಿಮ್ಮನ್ನ ಕೆಲಸದಿಂದ ತೆಗೀತಾರೆ. ಬೇರೆ ಏನು ಬೇಕಾದ್ರೂ ಮಾಡಬಹುದು."

"ಗೊತ್ತು ಮೇಡಂ."

ಮನೆಗೆ ಬಂದು ಇವಳಿಗೆ ಹೇಳಿದೆ. "ಇವತ್ತಾದ್ರೂ ಹೊಟ್ಟೆ ತುಂಬ ಊಟ ಮಾಡಿ" ಎಂದಳು.

ಏಪ್ರಿಲ್ 8, ಬೆಳಿಗ್ಗೆ

ಇವಳು ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಳೆ. ಹೇಳಬೇಕಾದ್ದನ್ನು ಗಡ್ಡ ಹೆರೆಯುತ್ತ ಕನ್ನಡಿಗೆ ಹೇಳಿದೆ. ಸರಾಗವಾಗಿ ಬರುತ್ತಿದೆ.

ಬೀದಿ ತಿರುವಿನಲ್ಲಿ ಒಂದು ಗಾಡಿ. ಎರಡನೇ ಗೇರಿಗೆ ಬೀಳುವಾಗ ಕರ್ರ್ ಎಂದಿತು — ನನ್ನದೇ ಗಾಡಿ. ಯಾರೋ ಹೊಸಬ ಓಡಿಸುತ್ತಿದ್ದಾನೆ. ಮನೆ ಮುಂದೆ ನಿಂತಿತು.

ಕಿಟಕಿಯ ಸಂದಿಯಿಂದ ನೋಡಿದೆ. ಜೈಲರ್, ಮೀಸೆ, ಇನ್ನಿಬ್ಬರು. ಸಮಿತಿಯ ಸುದ್ದಿ ಈ ಸಲವೂ ಮೊದಲೇ ಅವರ ಮೇಜು ಮುಟ್ಟಿರಬೇಕು. ಇವಳು ಇಸ್ತ್ರಿ ಆರಿಸಿದಳು.

"ಹನ್ನೊಂದಕ್ಕೆ ತಾನೆ? ನೀವು ನನಗೆ ಹೇಳಿದ್ದಷ್ಟೂ ಹೇಳ್ತೀನಿ. ನಾನು ಹೇಳಿದ್ರೆ ನಡೆಯುತ್ತಾ?"

"ಗೊತ್ತಿಲ್ಲ. ಹೋಗು."

ಹಿತ್ತಲ ಬಾಗಿಲಿನಿಂದ ಹೋದಳು. ಚಪ್ಪಲಿಯನ್ನೂ ಹಾಕಿಕೊಳ್ಳಲಿಲ್ಲ.

ಬಾಗಿಲು ಬಡಿಯುತ್ತಿದ್ದಾರೆ. ಓಣಿ ದಾಟಿ ಬಸ್ಸು ಹತ್ತಬೇಕು ಅವಳು. ಅಲ್ಲಿಯವರೆಗೆ ತೆಗೆಯುವುದಿಲ್ಲ. ಎದ್ದರೆ ಕಾಲು ತಾನಾಗಿ ಹೋಗಿ ತೆಗೆದುಬಿಟ್ಟೀತು ಎಂಬ ಭಯ — ಅದಕ್ಕೇ ಬರೆಯುತ್ತ ಕೂತಿದ್ದೇನೆ. ಜೈಲರ್ ಸಾಹೇಬರು ಮೆಲ್ಲಗೆ, ಪ್ರೀತಿಯಿಂದಲೇ ಕರೆಯುತ್ತಿದ್ದಾರೆ. ಚಿಲಕ ಅಲ್ಲಾಡುತ್ತಿದೆ. ಇಷ್ಟು ಹೊತ್ತಿಗೆ ಓಣಿ ದಾಟಿರಬೇಕು... ಬಸ್ಸು ಬಂದಿದ್ದರೆ ಸರಿ, ಇಲ್ಲದಿದ್ದರೆ ಇನ್ನೂ ಸ್ವಲ್ಪ ಹೊತ್ತು, ಇನ್ನೊಂದು ಸಾಲು, ಇನ್ನೂ