ಚಿಪ್ಪು ನೋಡಿದ್ರೆ ಸಾಕು

ಸೋದರಮಾವನಿಗೆ ನಮಸ್ಕಾರ. ಫೋನು ಮಾಡಿದರೆ ಇವರು ಪಕ್ಕದಲ್ಲೇ ಕೂರುತ್ತಾರೆ, ಅದಕ್ಕೇ ಈ ಕಾರ್ಡು.

ನಿನ್ನೆ ಅಪ್ಸರಕೊಂಡದ ಕಡಲ ದಂಡೆಯಲ್ಲಿ, ನೀವು ಆರಿಸಿ ಕೊಟ್ಟ ಅಳಿಯಂದಿರು ಬೆರಳುದ್ದದ ಚಿಪ್ಪೊಂದನ್ನು ಅಂಗೈಯಲ್ಲಿಟ್ಟುಕೊಂಡು ನನಗೆ ಪಾಠ ಮಾಡಿದರು. "ಈ ಮುಳ್ಳಿನ ಸಾಲು, ಉದ್ದ ಮೂತಿ ನೋಡು. ಇದು ಬೇಟೆಗಾರ ಶಂಖದ ಹುಳ. ಬೇರೆ ಚಿಪ್ಪಿಗೆ ತೂತು ಕೊರೆದು ಒಳಗಿದ್ದದ್ದನ್ನು ತಿಂತದೆ. ಕಡಲ ಬದಿಯವರಿಗೆ ಚಿಪ್ಪು ನೋಡಿದ್ರೆ ಸಾಕು."

ಅಷ್ಟರಲ್ಲಿ ಬೇಟೆಗಾರನಿಗೆ ಕಾಲು ಮೂಡಿ, ಖಾಲಿ ಚಿಪ್ಪಿನೊಳಗೆ ಮನೆ ಮಾಡಿದ್ದ ಬಡಪಾಯಿ ಏಡಿಯೊಂದು ಅದನ್ನು ಹೊತ್ತುಕೊಂಡೇ ಇಳಿದು ಓಡಿತು.

"ಚಿಪ್ಪು ಶಂಖದ್ದೇ ಅಲ್ವಾ, ಎಂತ ತಪ್ಪಾತು?" ಎಂದರು ಪಂಡಿತರು.

ಸೆಕೆಗೆ ಮೈತುಂಬ ಬೆವರುಸಾಲೆ ಎದ್ದಿದೆ, ಪೌಡರ್ ಕಳಿಸಿ.

ಅಂದಹಾಗೆ, ಫೋಟೊದಲ್ಲಿ ಯಾವ ಕೋಟು ನೋಡಿ ನೀವು ಈ ಗಂಡನ್ನು ಒಪ್ಪಿದಿರೋ, ಅದು ಇವರ ಅಣ್ಣನದಂತೆ.

ಶಿವಲೀಲಾ